ಡೊಂಬಿವಲಿಯಲ್ಲಿ ಕಣ್ಣು ಮುಚ್ಚಿ ಕೂರಲು ಹೋದದ್ದು

ಡೊಂಬಿವಲಿ, ಮೂವತ್ತೆಂಟನೆಯ ದಿನ

ಐದು ಗಂಟೆಗೆ ಎದ್ದೆ. ಎರಡು ಡ್ರಮ್ಮು, ಆರು ಬಕೆಟ್ಟು, ಒಂದು ಬಿಂದಿಗೆ ನೀರು ತುಂಬಿಸಿದೆ. ಹಾಲು ಕಾಯಲು ಇಟ್ಟೆ, ಉಕ್ಕಿತು, ಒಲೆ ಒರೆಸಿದೆ. ಪದ್ಮಾವತಿಯಮ್ಮನ ಎಡಗಣ್ಣಿಗೆ ಬಿಳಿ ಮುಚ್ಚಳದ ಔಷಧಿ ಒಂದು ತೊಟ್ಟು, ಐದು ನಿಮಿಷ ಬಿಟ್ಟು ಗುಲಾಬಿ ಮುಚ್ಚಳದ್ದು ಒಂದು ತೊಟ್ಟು ಹಾಕಿದೆ. ತಂಗಿ ಸುಮಾಳ ಡಬ್ಬಿಗೆ ಚಪಾತಿ, ಹುರುಳಿಕಾಯಿ ಪಲ್ಯ ಮಾಡಿದೆ. ಅವಳ ಮಗಳು ತನ್ವಿಗೆ ದೋಸೆ ಹುಯ್ದೆ. ಬಟ್ಟೆ ಒಣಗಹಾಕಿದೆ, ಕಿಟಕಿಯ ಸರಳಿನಿಂದ ಒಂದು ಟವೆಲ್ ಕೆಳಗಿನ ಮನೆಯ ಸಜ್ಜದ ಮೇಲೆ ಬಿತ್ತು, ಕೋಲಿನಿಂದ ಎತ್ತಿದೆ. ಬಾಗಿಲ ಗಂಟೆ ಒಂಬತ್ತು ಸಲ ಬಡಿಯಿತು, ಒಂಬತ್ತು ಸಲವೂ ತೆಗೆದೆ. ಇಷ್ಟರ ನಡುವೆ ಧ್ಯಾನಕ್ಕೆ ಮೂರು ಸಲ ಕೂತೆ, ಮೂರು ಸಲ ಎದ್ದೆ. ನಾಲ್ಕನೆಯ ಸಲ ಹನ್ನೊಂದಕ್ಕೆ ಕೂತವಳು ಹನ್ನೊಂದೂ ಮುಕ್ಕಾಲಿಗೆ ಎದ್ದೆ. ಪುಸ್ತಕದಲ್ಲಿ ‘ಮೂವತ್ತೆಂಟು’ ಎಂದು ಬರೆದೆ.

ನನ್ನ ಪಾಸ್‌ಪೋರ್ಟ್ ಮೈಸೂರಿನ ಬೀರುವಿನಲ್ಲಿ ಒಂದೂ ಮುದ್ರೆಯಿಲ್ಲದೆ ಬಿದ್ದಿದೆ. ಸಿಂಗಪುರ, ಅಮೆರಿಕ ಎಂದು ಬರೆಯುವವರ ಸಾಲಿನಲ್ಲಿ ನಾನು ನಿಲ್ಲಲಾರೆ. ಆದರೆ ಬಾಗಿಲು ತೆಗೆದರೆ ಮರಾಠಿ, ಒಳಕೋಣೆಯಲ್ಲಿ ತುಳು, ತಂಗಿಯ ಮಗಳ ಬಾಯಲ್ಲಿ ಹಿಂದಿ, ಇವುಗಳ ನಡುವೆ ನಾನೊಬ್ಬಳೇ ನನ್ನ ಕನ್ನಡ ಹಿಡಿದುಕೊಂಡು ನಿಂತಿದ್ದೆ. ಇದಕ್ಕಿಂತ ದೊಡ್ಡ ಪರದೇಶ ನನಗೆ ಬೇಡ.

ನಾನು ಹೋದದ್ದು ಊರು ನೋಡುವುದಕ್ಕಲ್ಲ. ಸುಮಾಳ ಅತ್ತೆ ಪದ್ಮಾವತಿಯಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ್ದರು. ದಿನಕ್ಕೆ ಆರು ಸಲ ಔಷಧಿ ಹಾಕಬೇಕು, ಬಗ್ಗಬಾರದು, ತಲೆಗೆ ನೀರು ತಾಗಬಾರದು. ಸುಮಾ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಕೆಲಸಕ್ಕೆ ಹೋಗುವವಳು, ರಜೆ ಸಿಗಲಿಲ್ಲ. ಅವಳ ಗಂಡ ಸ್ಟೇಷನ್ನಿನ ಹತ್ತಿರದ ತಮ್ಮ ಹೋಟೆಲಿಗೆ ಬೆಳಕು ಹರಿಯುವ ಮುಂಚೆ ಹೋದರೆ ರಾತ್ರಿಯೇ ಮುಖ ತೋರಿಸುವುದು. “ಹನ್ನೊಂದು ದಿನ ಬಾ ಅಕ್ಕ, ನಿನ್ನ ಧ್ಯಾನಕ್ಕೂ ಒಂದು ಚೇಂಜ್ ಆಗತ್ತೆ” ಅಂದಳು. ಆ ಮಾತನ್ನು ನಾನು ಮರೆಯುವುದಿಲ್ಲ.

ಧ್ಯಾನದ ವಿಷಯ ಹೇಳಿಬಿಡುತ್ತೇನೆ. ನಮ್ಮ ಬೀದಿಯಲ್ಲಿ ಶಾರದಾ ಟೀಚರ್ ಅಂತ, ನಿವೃತ್ತರು, ಮನೆಯ ಹಜಾರದಲ್ಲಿ ಹೆಂಗಸರಿಗೆ ಧ್ಯಾನ ಕಲಿಸುತ್ತಾರೆ. ನಲವತ್ತೆಂಟು ದಿನದ ಮಂಡಲ. ದಿನವೂ ಮಧ್ಯಾಹ್ನ ಹನ್ನೆರಡರೊಳಗೆ ಒಂದೇ ಆಸನದಲ್ಲಿ ಮುಕ್ಕಾಲು ಗಂಟೆ ಕಣ್ಣು ಮುಚ್ಚಿ ಕೂರಬೇಕು. ನಡುವೆ ಕಣ್ಣು ಬಿಟ್ಟರೆ, ಎದ್ದರೆ, ಆ ಸಲದ್ದು ಲೆಕ್ಕಕ್ಕಿಲ್ಲ. ಒಂದು ದಿನ ತಪ್ಪಿದರೆ ಮತ್ತೆ ಒಂದರಿಂದ ಶುರು. ಮೊದಲ ಸಲ ಹದಿನೇಳನೆಯ ದಿನ ತಪ್ಪಿಸಿಕೊಂಡೆ, ಮದುವೆ ಮನೆಯಲ್ಲಿ. ಎರಡನೆಯ ಸಲ ಮೂವತ್ತೊಂದನೆಯ ದಿನ ಜ್ವರ. ಇದು ಮೂರನೆಯ ಸಲ.

ಹಿಂದಿ ಪರೀಕ್ಷೆ ಎರಡನೆಯ ಮೆಟ್ಟಿಲಲ್ಲಿ ಬಿಟ್ಟೆ. ಸಂಗೀತ ಗೀತೆಗಳವರೆಗೆ ಬಂದು ನಿಂತಿತು. ಹೊಲಿಗೆ ಕಲಿಯಲು ಹೋಗಿ ತಂದ ಬಟ್ಟೆ ಹಾಗೇ ಮಡಿಸಿಟ್ಟಿದೆ. ಐವತ್ಮೂರು ವರ್ಷದಲ್ಲಿ ನಾನು ಶುರು ಮಾಡಿ ಮುಗಿಸಿದ್ದು ಅಂದರೆ ಅಡುಗೆಯೊಂದೇ, ಅದೂ ಮಾರನೆಯ ಬೆಳಿಗ್ಗೆ ಮತ್ತೆ ಶುರು. ಜೊತೆಗೆ ನನಗೆ ಸಿಟ್ಟು ಬೇಗ. ಮನೆಯವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪೇಪರು ತೆಗೆದುಕೊಂಡು ಬೇರೆ ಕೋಣೆಗೆ ಹೋಗುತ್ತಾರೆ. ಅವರು ಹಾಗೆ ಎದ್ದು ಹೋಗುವುದನ್ನು ನೋಡಿ ನೋಡಿ ನಾನೇ ಟೀಚರ ಮನೆಯ ಬಾಗಿಲು ತಟ್ಟಿದ್ದು. ಈ ನಲವತ್ತೆಂಟನ್ನು ನಾನು ಮುಗಿಸಲೇಬೇಕಿತ್ತು. ಮುಗಿಯುವ ದಿನ ಡೊಂಬಿವಲಿಯಲ್ಲೇ ಬರುತ್ತಿತ್ತು.

ನಲವತ್ತೊಂದನೆಯ ದಿನ, ಅದೇ ಮನೆ

ಒಂದು ಹಜಾರ, ಒಂದು ಕೋಣೆ, ಒಂದು ಅಡುಗೆಮನೆ. ಇದರಲ್ಲಿ ಮೌನಕ್ಕೆ ಜಾಗ ಹುಡುಕುವುದು ತುಂಬಿದ ಫ್ರಿಜ್ಜಿನಲ್ಲಿ ಇನ್ನೊಂದು ಪಾತ್ರೆ ಇಟ್ಟ ಹಾಗೆ. ಒಂದನ್ನು ಸರಿಸಿದರೆ ಇನ್ನೊಂದು ಬೀಳುತ್ತದೆ.

ಪದ್ಮಾವತಿಯಮ್ಮನಿಗೆ ಎಪ್ಪತ್ತಾರು. ಉಡುಪಿಯ ಕಡೆಯವರು. ಗಂಡನ ಜೊತೆ ನಿಂತು ಆ ಹೋಟೆಲು ಕಟ್ಟಿದವರು. ನಲವತ್ತು ವರ್ಷ ನೂರು ಜನರ ಗದ್ದಲದಲ್ಲಿ ಮಾತಾಡಿ ಅಭ್ಯಾಸವಾದ ಗಂಟಲು ಅವರದು. ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತು ಇಡೀ ದಿನ ಮಾತಾಡುತ್ತಿದ್ದರು. ನಾನು ಗೋಡೆಯ ಪಕ್ಕ ಚಾಪೆ ಹಾಸಿ ಕೂತ ತಕ್ಷಣ ಶುರು.

“ನೀನು ಮಾಡು ಗಿರಿಜಾ, ನಾನು ಮಾತಾಡುದಿಲ್ಲ. ಒಂದೇ ಒಂದು ಕೇಳ್ತೇನೆ. ಕಣ್ಣು ಮುಚ್ಚಿದ್ರೆ ನಿಂಗೆ ಎಂತ ಕಾಣ್ತದೆ?”

ನಾನು ಕಣ್ಣು ಇನ್ನೂ ಬಿಗಿಯಾಗಿ ಮುಚ್ಚಿಕೊಂಡೆ. ಉತ್ತರ ಕೊಡದಿರುವುದು ಅವರಿಗೆ ತೊಂದರೆಯೇ ಅಲ್ಲ.

“ಡಾಕ್ಟರು ನಂಗೆ ಹೇಳ್ತಾರೆ, ಕಣ್ಣು ಮುಚ್ಚಿ ಮಲಗಿ ಅಮ್ಮ ಅಂತ. ನಂಗೆ ಹತ್ತು ನಿಮಿಷ ಆಗುದಿಲ್ಲ, ಹುಚ್ಚು ಹಿಡೀತದೆ. ನೀನು ಒಳ್ಳೆ ಎರಡು ಕಣ್ಣು ಇಟ್ಕೊಂಡು ಮುಚ್ಚಿ ಕೂತ್ಕೊಳ್ತೀ. ನಮ್ಮಿಬ್ರಲ್ಲಿ ಆಪರೇಶನ್ ಆದದ್ದು ಯಾರಿಗೆ ಮಾರಾಯ್ತಿ?”

ಆಮೇಲೆ ಎದುರು ಮನೆ. ಅಲ್ಲಿಯ ಹೆಂಗಸನ್ನು ಎಲ್ಲರೂ ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಾರೆ, ನಾನೂ ಅಂದೆ. ಅವರ ಮನೆಯಲ್ಲಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಒಂದು ಸಣ್ಣ ಪೆಟ್ಟಿಗೆ ಇಪ್ಪತ್ನಾಲ್ಕು ಗಂಟೆಯೂ ಒಂದೇ ಮಂತ್ರ ಹೇಳುತ್ತದೆ. ಮೂರು ಸಲ ಸರಿಯಾಗಿ ಹೇಳಿ ನಾಲ್ಕನೆಯ ಸಲ ಒಂದು ಅಕ್ಷರ ನುಂಗುತ್ತದೆ. ಒಮ್ಮೆ ಅದು ಕಿವಿಗೆ ಬಿದ್ದ ಮೇಲೆ ಮುಗಿಯಿತು, ನನ್ನ ಧ್ಯಾನವೆಲ್ಲ ಆ ನಾಲ್ಕನೆಯ ಸಲಕ್ಕೆ ಕಾಯುವುದೇ ಆಯಿತು. ತನ್ವಿಯನ್ನು ಕರೆದುಕೊಂಡು ಹೋಗಿ, ಸ್ವಲ್ಪ ಮೆಲ್ಲಗೆ ಇಡಬಹುದಾ ಎಂದು ಕೇಳಿದೆ. ಕಾಕು ನನ್ನ ಕೈ ಹಿಡಿದು ಒಳಗೆ ಕೂರಿಸಿ, ಪೋಹೆ ಅನ್ನುವ ಅವಲಕ್ಕಿ ಕೊಟ್ಟು, ಮರಾಠಿಯಲ್ಲಿ ಬಹಳ ಹೊತ್ತು ಏನೋ ಹೇಳಿದರು.

“ಏನಂತೆ?”

“ಬಿಲ್ಡಿಂಗ್ ಕೀ ಶಾಂತಿ ಕೇ ಲಿಯೇ ಹೈ, ದೊಡ್ಡಮ್ಮ,” ಅಂದಳು ತನ್ವಿ. “ಔರ್ ಬೋಲ್ ರಹೀ ಹೈ, ನಿಮಗೆ ಸರಿಯಾಗಿ ಕೇಳಿಸ್ತಾ ಇಲ್ಲ ಅಂದ್ರೆ ವಾಲ್ಯೂಮ್ ಬಢಾ ದೇಂಗೀ.”

ಅವರು ಸತ್ಯವಾಗಿ ಜೋರು ಮಾಡಿದರು. ತನ್ವಿ ಅಲ್ಲಿ ಏನು ಹೇಳಿದಳೋ ಇವತ್ತಿಗೂ ನನಗೆ ಅನುಮಾನವಿದೆ. ಮೈಸೂರಿನಲ್ಲಿ ನಮ್ಮ ಪಕ್ಕದ ಮನೆಯವರು ಆರು ವರ್ಷದಿಂದ ನನ್ನ ಜೊತೆ ಮಾತಾಡಿಲ್ಲ, ಕಾಂಪೌಂಡಿನ ತಕರಾರು. ಇಲ್ಲಿ ಪರಿಚಯವಾಗಿ ಮೂರು ದಿನಕ್ಕೆ ಪೋಹೆ ತಿನ್ನಿಸಿ ತಲೆ ಹಾಳು ಮಾಡುತ್ತಾರೆ. ಧ್ಯಾನಕ್ಕೆ ಯಾವ ಊರು ವಾಸಿ ಎಂದು ಕೇಳಿದರೆ ಕಾಂಪೌಂಡಿನ ಜಗಳವೇ ವಾಸಿ ಅಂತೀನಿ.

ಠಾಣೆ, ಭಾನುವಾರ

ನಲವತ್ತೆರಡನೆಯ ದಿನ ಸುಮಾಗೆ ನನ್ನ ಮೇಲೆ ಕರುಣೆ ಬಂತು. “ಅತ್ತೇನ ನಾನು ನೋಡ್ಕೋತೀನಿ. ತನ್ವಿ ಜೊತೆ ಠಾಣೆಗೆ ಹೋಗು. ಅಲ್ಲೊಂದು ಕೆರೆ ಇದೆ, ಬೆಳಿಗ್ಗೆ ಆರಾಮಾಗಿ ಕೂರಬಹುದು” ಅಂದಳು.

ಕೆರೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ನೀರಿನ ಕಡೆ ಮುಖ ಮಾಡಿದ ಕಲ್ಲುಬೆಂಚು ಸಿಕ್ಕಿತು. ತನ್ವಿ ದೂರ ಹೋಗಿ ಫೋನು ಹಿಡಿದಳು. ಕಣ್ಣು ಮುಚ್ಚಿದೆ. ಹತ್ತು ನಿಮಿಷ ಗಾಳಿ, ಪಾರಿವಾಳದ ರೆಕ್ಕೆ, ಅಷ್ಟೇ. ಇವತ್ತು ಗೆದ್ದೆ ಅಂದುಕೊಂಡೆ. ಆಗ ಯಾರೋ ನನ್ನ ಹಿಂದೆ ನಕ್ಕರು. ಇನ್ನೊಬ್ಬರು ನಕ್ಕರು. ಆಮೇಲೆ ಇಪ್ಪತ್ತು ಮೂವತ್ತು ಜನ ಹೊಟ್ಟೆಯಿಂದ ‘ಹೋ ಹೋ ಹೋ’ ಎಂದು ಒಟ್ಟಿಗೆ ನಗತೊಡಗಿದರು. ನನ್ನ ಸೀರೆ ಸರಿಯಿಲ್ಲವೇ, ನಾನು ಬಾಯಿ ತೆರೆದು ಕೂತಿದ್ದೇನೆಯೇ, ಒಂದೂ ತಿಳಿಯಲಿಲ್ಲ. ಕಣ್ಣು ಬಿಡುವ ಹಾಗಿಲ್ಲ, ಬಿಟ್ಟರೆ ಲೆಕ್ಕ ಹೋಯಿತು.

ಅದು ಹಿರಿಯರ ನಗೆಕೂಟ, ನನ್ನ ಬೆಂಚು ಅವರ ವೃತ್ತದ ಒಳಗೆ ಬಂದಿತ್ತು ಎಂದು ಆಮೇಲೆ ತನ್ವಿ ಹೇಳಿದಳು. ಅರ್ಧ ಗಂಟೆ ಅವರು ನನ್ನ ಸುತ್ತ ನಿಂತು ಸಿಂಹದ ನಗು, ಮಜ್ಜಿಗೆ ಕಡೆಯುವ ನಗು, ಎಲ್ಲ ನಕ್ಕರು. ನಾನು ಹಲ್ಲು ಕಚ್ಚಿ ಕೂತಿದ್ದೆ. ಮುಕ್ಕಾಲು ಗಂಟೆ ಮುಗಿದು ಕಣ್ಣು ಬಿಟ್ಟಾಗ ಅಜ್ಜನೊಬ್ಬರು ಬಗ್ಗಿ, “ತಾಯೀ, ಥೋಡಂ ಹಸಾ” ಅಂದರು. ಸ್ವಲ್ಪ ನಗಿ ಅಂತ. ನಲವತ್ತೆರಡು ಎಂದು ಬರೆದುಕೊಂಡೆ.

ಕಲ್ಯಾಣ್, ಹಿಂದಕ್ಕೆ

ನಲವತ್ತೆಂಟನೆಯ ದಿನ ಕಾಮೋಠೆಗೆ ಹೋಗಬೇಕಿತ್ತು. ಪದ್ಮಾವತಿಯಮ್ಮನ ಕಣ್ಣಿನ ಡಾಕ್ಟರು ಇರುವುದು ನವಿ ಮುಂಬೈಯ ಆ ತುದಿಯಲ್ಲಿ. ಡೊಂಬಿವಲಿಯಲ್ಲಿ ಕಣ್ಣಿನ ಡಾಕ್ಟರು ಇಲ್ಲವೇ ಎಂದರೆ, ಬೇಕಾದಷ್ಟು ಇದ್ದಾರೆ. ಆದರೆ ಆ ಡಾಕ್ಟರು ಚಿಕ್ಕಂದಿನಲ್ಲಿ ಇವರ ಹೋಟೆಲಿನಲ್ಲಿ ದೋಸೆ ತಿಂದು ಬೆಳೆದವರು. “ನನ್ನ ದೋಸೆ ತಿಂದ ಕೈ ಮಾತ್ರ ನನ್ನ ಕಣ್ಣು ಮುಟ್ಟುದು” ಎಂದು ಅಮ್ಮ ಹಟ ಹಿಡಿದಿದ್ದರು. ಟ್ಯಾಕ್ಸಿಯಲ್ಲಿ ಹೋದರೆ ವಾಂತಿ. ಆದ್ದರಿಂದ ರೈಲು. ಹನ್ನೊಂದಕ್ಕೆ ಡಾಕ್ಟರು ಆಪರೇಶನ್ನಿಗೆ ಒಳಗೆ ಹೋಗುತ್ತಾರೆ, ಅದರ ಮುಂಚೆ ತಲುಪಬೇಕು. ವಾಪಸು ಬರುವಾಗ ಹನ್ನೆರಡು ದಾಟಿರುತ್ತದೆ.

ಹಾಗಾಗಿ ಆ ಬೆಳಿಗ್ಗೆ ನಾಲ್ಕೂವರೆಗೇ ಎದ್ದು ಕೂತೆ. ನೀರು ಬರುವ ಮುಂಚೆ ಮುಗಿಸಿಬಿಡುವ ಲೆಕ್ಕ. ಅರ್ಧ ಗಂಟೆ ಕಳೆದಿರಬೇಕು. ಒಳಗಿನಿಂದ “ಗಿರಿಜಾ” ಅಂದರು. ಸುಮ್ಮನಿದ್ದೆ. “ಗಿರಿಜಾ, ಬಚ್ಚಲಿಗೆ.” ಸುಮಾ ಏಳಲಿ ಎಂದು ಕಾದೆ, ಅವಳು ಏಳಲಿಲ್ಲ. ಒಂದು ಕಣ್ಣಿಗೆ ಪ್ಲಾಸ್ಟಿಕ್ಕಿನ ಮುಚ್ಚಳ ಅಂಟಿಸಿಕೊಂಡ ಮುದುಕಿ ಕತ್ತಲಲ್ಲಿ ಎದ್ದು ಎಡವಿದರೆ ಏನು ಗತಿ? ಎದ್ದೆ.

ಬಚ್ಚಲ ಬಾಗಿಲ ಹೊರಗೆ ನಿಂತು, “ನಲವತ್ತೇಳು ದಿನ ಮಾಡಿದ್ದು ಇಲ್ಲಿಗೆ ಬಂದು ನೀರಿಗೆ ಹೋಯ್ತು. ಈ ಮನೇಲಿ ಮುಕ್ಕಾಲು ಗಂಟೆ ಒಬ್ಬರಾದ್ರೂ ನನ್ನನ್ನು ಬಿಟ್ರಾ” ಎಂದು ಗೋಡೆಗೆ ಹೇಳಿದೆ. ಗೋಡೆ ತೆಳುವಾದದ್ದು. ಹಾಸಿಗೆಗೆ ಬಂದು ಕೂತ ಮೇಲೆ ಪದ್ಮಾವತಿಯಮ್ಮ ಕೇಳಿದ್ದು ಒಂದೇ ಮಾತು.

“ಇವತ್ತು ಎಷ್ಟನೇದು?”

“ನಲವತ್ತೆಂಟು.”

ಅವರು ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಅದಕ್ಕೂ ಸಿಟ್ಟು ಬಂತು. ಅಷ್ಟರಲ್ಲಿ ನೀರು ಬಂತು, ಹೊರಡುವ ತನಕ ಮತ್ತೆ ಕೂರಲು ಬಿಡುವಾಗಲಿಲ್ಲ.

ಸುಮಾ ಜಡೆ ಹಾಕಿಕೊಳ್ಳುತ್ತ, “ಟೆನ್ಶನ್ ಯಾಕೆ ಅಕ್ಕ, ಟ್ರೇನಲ್ಲಿ ಕೂತ್ಕೋ” ಅಂದಳು. “ನಾನು ಹನ್ನೊಂದು ವರ್ಷದಿಂದ ಅಲ್ಲೇ ಕಣ್ಣು ಮುಚ್ಚೋದು. ಕಲ್ಯಾಣಲ್ಲಿ ಮುಚ್ಚಿದ್ರೆ ಠಾಣೇಲಿ ಬಿಡ್ತೀನಿ.”

“ಡೊಂಬಿವಲೀಲಿ ಹತ್ತೋಳು ಕಲ್ಯಾಣಲ್ಲಿ ಹೇಗೆ ಮುಚ್ತೀಯ? ಕಲ್ಯಾಣ್ ಹಿಂದಕ್ಕಲ್ವಾ?”

“ಹಿಂದಕ್ಕೇ ಹೋಗೋದು” ಅಂದಳು, ಅದರಲ್ಲೇನು ವಿಶೇಷ ಎಂಬ ಹಾಗೆ.

ಅದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಡೊಂಬಿವಲಿಯಲ್ಲಿ ಬೆಳಿಗ್ಗೆ ಮುಂಬೈ ಕಡೆಯ ಗಾಡಿ ಹತ್ತುವುದು ಮನುಷ್ಯರಿಂದ ಆಗುವ ಕೆಲಸವಲ್ಲ. ಅದಕ್ಕೆ ಇಲ್ಲಿಯವರು ಎದುರು ಪ್ಲಾಟ್‌ಫಾರ್ಮಿಗೆ ಹೋಗಿ ಕಲ್ಯಾಣಕ್ಕೆ ಹೋಗುವ ಗಾಡಿ ಹತ್ತುತ್ತಾರೆ. ಅದು ಕಲ್ಯಾಣದಲ್ಲಿ ಮುಗಿಯುವ ಗಾಡಿ, ಅಲ್ಲಿಂದ ಅದೇ ಮುಂಬೈಗೆ ತಿರುಗುತ್ತದೆ. ಇದಕ್ಕಾಗಿಯೇ ಪಾಸನ್ನೂ ಕಲ್ಯಾಣದಿಂದ ಮಾಡಿಸಿರುತ್ತಾರೆ. ನಾವು ಮೂವರೂ ಹಾಗೇ ಹತ್ತಿದೆವು, ಹೆಂಗಸರ ಡಬ್ಬಿಯಲ್ಲಿ ಸೀಟೂ ಸಿಕ್ಕಿತು. ಕಲ್ಯಾಣ್ ಬಂತು. ಕೊನೆಯ ನಿಲ್ದಾಣ. ಯಾರೂ ಇಳಿಯಲಿಲ್ಲ. ಇಡೀ ಡಬ್ಬಿ ತುಂಬ ಹೆಂಗಸರು ತಾವು ಹೋಗಬೇಕಿಲ್ಲದ ಊರಿಗೆ ಬಂದು ಕೈಕಟ್ಟಿ ಕೂತಿದ್ದರು. ಗಾಡಿ ಒಮ್ಮೆ ಜಗ್ಗಿ ಮತ್ತೆ ಡೊಂಬಿವಲಿಯ ಕಡೆಗೇ ಹೊರಟಿತು. ನಮ್ಮ ಮನೆಯ ಹತ್ತಿರದ ಅದೇ ಸ್ಟೇಷನ್ ಮುಕ್ಕಾಲು ಗಂಟೆಯ ಮೇಲೆ ಮತ್ತೆ ನೋಡಿದೆ. ಸುಮಾ ಆಗಲೇ ಕಣ್ಣು ಮುಚ್ಚಿದ್ದಳು.

ಡೊಂಬಿವಲಿಯಲ್ಲಿ ಹತ್ತಿದ ಒಬ್ಬಳು ನನ್ನ ಭುಜ ತಟ್ಟಿ, “ಕುಠೇ ಉತರ್ಣಾರ್?” ಅಂದಳು. ಎಲ್ಲಿ ಇಳಿಯುತ್ತೀರಿ ಅಂತ. ನಿನಗ್ಯಾಕಮ್ಮ ಎಂದು ಕೇಳಬೇಕೆನ್ನಿಸಿತು. ಕಣ್ಣು ಮುಚ್ಚಿಕೊಂಡೇ ಸುಮಾ, “ಠಾಣಾ” ಎಂದು ನನ್ನ ಪರವಾಗಿ ಹೇಳಿದಳು.

“ಯಾಕೆ ಹೇಳಿದೆ?”

“ಹೇಳಲೇಬೇಕು ಅಕ್ಕ. ನೀನು ಇಳಿದ ಮೇಲೆ ನಿನ್ನ ಸೀಟು ಅವಳದು. ಬುಕ್ ಆಯ್ತು. ಇನ್ನು ನೀನು ನಿದ್ದೆ ಹೋದ್ರೂ ಚಿಂತೆ ಇಲ್ಲ, ಠಾಣೆಗೆ ಮುಂಚೆ ಅವಳೇ ಎಬ್ಬಿಸ್ತಾಳೆ. ಇದರಲ್ಲಿ ಮಾತ್ರ ಯಾರೂ ಸುಳ್ಳು ಹೇಳಲ್ಲ.”

ಹಾಗೇ ಆಯಿತು. ಮುಂಬ್ರಾ ದಾಟುತ್ತಲೇ ಆ ಹೆಂಗಸು ನನ್ನ ಮಂಡಿ ತಟ್ಟಿ ಎಬ್ಬಿಸಿದಳು. ನಾನು ಎಚ್ಚರವಾಗಿಯೇ ಇದ್ದೆ.

ಠಾಣೆಯಿಂದ ಮುಂದೆ

ಠಾಣೆಯಲ್ಲಿ ಸುಮಾ ನಮ್ಮನ್ನು ಪನ್ವೆಲ್ ಗಾಡಿಯಲ್ಲಿ ಕೂರಿಸಿ ತನ್ನ ಕೆಲಸಕ್ಕೆ ಹೋದಳು. ಅದು ಠಾಣೆಯಿಂದಲೇ ಹೊರಡುವ ಗಾಡಿ. ಅಮ್ಮನಿಗೆ ಕಿಟಕಿ, ಪಕ್ಕದಲ್ಲಿ ನಾನು. ನಾವು ಇಳಿಯಬೇಕಾದದ್ದು ಮಾನಸರೋವರ್ ಎಂಬ ನಿಲ್ದಾಣ, ಪನ್ವೆಲ್‌ಗಿಂತ ಎರಡು ಮೊದಲು. ಅಲ್ಲಿಗೆ ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ಗಾಡಿ ಹೊರಟ ನಿಮಿಷಕ್ಕೇ ಕಣ್ಣು ಮುಚ್ಚಿದ್ದರೆ ಸರಿಯಾಗುತ್ತಿತ್ತು. ಆದರೆ ಮೂರು ಜನರ ಸೀಟಿನಲ್ಲಿ ನಾಲ್ಕನೆಯವಳು ಕೂರಬಹುದೇ ಇಲ್ಲವೇ ಎಂದು ನನ್ನ ಆ ಕಡೆ ಜಗಳ ಹತ್ತಿತು. ನಾನೂ ಒತ್ತರಿಸಿಕೊಂಡು ಅದರಲ್ಲಿ ಸೇರಿದೆ. ರಬಾಳೆ ಬರುವಷ್ಟರಲ್ಲಿ ಹತ್ತು ನಿಮಿಷ ಹೋಗಿತ್ತು.

ಇನ್ನು ಕೂತು ಪ್ರಯೋಜನವಿರಲಿಲ್ಲ. ಆದರೂ ಗಾಡಿ ಎಲ್ಲಾದರೂ ಹತ್ತು ನಿಮಿಷ ನಿಂತುಬಿಡಲಿ ಎಂದು ಬೇಡಿಕೊಂಡು, ಫೋನಿನಲ್ಲಿ ಮುಕ್ಕಾಲು ಗಂಟೆ ಇಟ್ಟು ಅಂಗೈಯಲ್ಲಿ ಹಿಡಿದುಕೊಂಡೆ.

“ಅಮ್ಮ, ಖಾರ್ಘರ್ ಅಂತ ಕೂಗ್ತಾರೆ. ಕೂಗಿದ ತಕ್ಷಣ ನನ್ನ ಮೊಣಕೈ ಮುಟ್ಟಿ. ಅದರ ಮುಂದಿನದೇ ನಮ್ಮದು. ಮರೀಬೇಡಿ.”

“ಇಲ್ಲಿಯ ಸ್ಟೇಶನ್ ನಂಗೆ ಹೇಳಿ ಕೊಡ್ತೀಯಾ? ಮಾಡು, ಮಾಡು.”

ಕಣ್ಣು ಮುಚ್ಚಿದೆ. ಇಲ್ಲಿ ಬೆಳಕು ಕಂಡಿತು, ಆನಂದವಾಯಿತು ಎಂದು ಬರೆಯುವವರಿದ್ದಾರೆ. ನನಗೆ ಬಂದದ್ದು, ಗ್ಯಾಸ್ ಆರಿಸಿದೆನೇ. ಕಾಕುವಿಗೆ ತಟ್ಟೆ ವಾಪಸು ಕೊಡಬೇಕು. ಔಷಧಿಯ ಚೀಲ ಮಡಿಲಲ್ಲಿದೆ. ಶಾರದಾ ಟೀಚರ್‌ಗೆ ಏನು ಹೇಳುವುದು, ಒಂದರಿಂದ ಮತ್ತೆ ಯಾವ ಸೋಮವಾರ ಶುರು ಮಾಡುವುದು. ಮನೆಯವರು “ಹೋಗಲಿ ಬಿಡು” ಅನ್ನುತ್ತಾರೆ, ಆ ‘ಹೋಗಲಿ ಬಿಡು’ ಕೇಳಿದರೆ ಮೈ ಉರಿಯುತ್ತದೆ. ಯಾವಾಗಲೋ ಒಂದು ಹೊತ್ತು ಗಾಡಿಯ ಸದ್ದು ಮಾತ್ರ ಇತ್ತು. ನಾನೂ ಇದ್ದೆ, ಆದರೆ ಯಾರ ಮೇಲೂ ದೂರು ಹೇಳುತ್ತಿರಲಿಲ್ಲ. ನಿಲ್ದಾಣದ ಹೆಸರುಗಳು ಬಂದು ಹೋಗುತ್ತಿದ್ದವು. ಮೊಣಕೈಗೆ ಕಾಯುತ್ತಿದ್ದೆನಾದ್ದರಿಂದ ಕಿವಿಗೆ ಕೆಲಸ ಕೊಟ್ಟಿರಲಿಲ್ಲ. ಅದು ಎಷ್ಟು ಹೊತ್ತೋ ಹೇಳಲಾರೆ.

ಅಂಗೈಯಲ್ಲಿ ಫೋನು ನಡುಗಿತು.

ಪನ್ವೆಲ್

ಕಣ್ಣು ಬಿಟ್ಟರೆ ಗಾಡಿ ನಿಂತಿದೆ. ಡಬ್ಬಿ ಖಾಲಿಯಾಗುತ್ತಿದೆ. ಹೊರಗೆ ಪನ್ವೆಲ್ ಎಂದು ದೊಡ್ಡ ಹಲಗೆ. ಪದ್ಮಾವತಿಯಮ್ಮ ಕಪ್ಪು ಕನ್ನಡಕದ ಹಿಂದೆ ನನ್ನ ಕಡೆಗೇ ಮುಖ ಮಾಡಿ ಕೂತಿದ್ದರು.

“ಖಾರ್ಘರ್ ಎಲ್ಲಿ?”

“ಅದು ಆಗ್ಲೇ ಹೋಯ್ತು. ನಿಂದು ಆಯ್ತಾ?”

ನನ್ನ ಕೆಟ್ಟ ಹಿಂದಿಯಲ್ಲಿ “ಮಾನಸರೋವರ್ ಉತರ್ನಾ ಥಾ” ಎಂದು ಡಬ್ಬಿಗೆಲ್ಲ ಕೇಳುವಂತೆ ಅಂದೆ. ನಮ್ಮ ಎದುರಿಗೆ ತರಕಾರಿಯ ಚೀಲ ಹಿಡಿದು ನಿಂತಿದ್ದ ಹೆಂಗಸು ಹುಬ್ಬು ಏರಿಸಿದಳು. “ಆಜೀಂನೀ ತರ್ ಪನ್ವೆಲ್ ಸಾಂಗಿತಲಂ ಮಲಾ,” ಅಂದಳು. ಅಜ್ಜಿ ನನಗೆ ಪನ್ವೆಲ್ ಅಂತ ಹೇಳಿದರಲ್ಲ. ಅವಳು ತುರ್ಭೆಯಿಂದ ನಿಂತೇ ಬಂದಿದ್ದಳು. ಕಣ್ಣು ಮುಚ್ಚಿ ಕೂತ ಇವಳು ಎಲ್ಲಿ ಇಳಿಯುತ್ತಾಳೆ ಎಂದು ಅಮ್ಮನನ್ನು ಕೇಳಿದ್ದಳು. ಮಾನಸರೋವರ್ ಎಂದಿದ್ದರೆ ಸೀಟಿನ ಆಸೆಗೆ ಅವಳೇ ನನ್ನ ಮಂಡಿ ತಟ್ಟುತ್ತಿದ್ದಳು. ಅಮ್ಮ ಅದಕ್ಕೇ ಪನ್ವೆಲ್ ಎಂದಿದ್ದರು.

ಅಮ್ಮನ ಕೈ ಹಿಡಿದು ಇಳಿಸಿದೆ. ಇಳಿಸಿ, ಪ್ಲಾಟ್‌ಫಾರ್ಮಿನ ನಡುವೆ ನಿಲ್ಲಿಸಿಕೊಂಡು ಕೂಗಿದೆ. ನಲವತ್ತೆಂಟು ದಿನದ ಉಸಿರನ್ನೆಲ್ಲ ಸೇರಿಸಿ ಕೂಗಿದೆ.

“ಒಂದು ಕೆಲಸ ಹೇಳಿದ್ದೆ ನಿಮಗೆ, ಒಂದೇ ಒಂದು. ಹನ್ನೊಂದು ದಿನದಿಂದ ಮುಚ್ಚದ ಬಾಯಿ ಇವತ್ತೇ ಮುಚ್ಚಬೇಕಿತ್ತಾ? ಡಾಕ್ಟರು ಹನ್ನೊಂದಕ್ಕೆ ಒಳಗೆ ಹೋಗ್ತಾರೆ. ಕಣ್ಣಿಗೆ ಏನಾದ್ರೂ ಆದ್ರೆ ಸುಮಾಗೆ ನಾನೇನು ಹೇಳಲಿ? ಸುಳ್ಳು ಬೇರೆ ಹೇಳ್ತೀರಿ, ಈ ವಯಸ್ಸಲ್ಲಿ, ನಾಚಿಕೆ ಆಗಲ್ವಾ?”

ಜನ ಸುತ್ತ ಸರಿದು ಹೋಗುತ್ತಿದ್ದರು. ತರಕಾರಿಯವಳು ನಿಂತು ನೋಡುತ್ತಿದ್ದಳು. ಭಾಷೆ ಬರದಿದ್ದರೂ ನಾಚಿಕೆ ಯಾರಿಗೆ ಆಗಬೇಕಿತ್ತು ಎಂದು ಅವಳಿಗೆ ತಿಳಿದಿತ್ತು ಅಂತ ಕಾಣುತ್ತದೆ. ಹೋಗುವ ಮುಂಚೆ ಬಂದು ಅಮ್ಮನ ಸೆರಗನ್ನು ಭುಜದ ಮೇಲೆ ಸರಿಮಾಡಿ ಹೋದಳು, ನನ್ನ ಕಡೆ ನೋಡಲಿಲ್ಲ.

ಪದ್ಮಾವತಿಯಮ್ಮ, “ನಲ್ವತ್ತೆಂಟು ಆಯ್ತಲ್ಲ,” ಎಂದರು ಮೆಲ್ಲಗೆ. ಆಮೇಲೆ ಬಾಯಿ ಮುಚ್ಚಿದರು.

ಕಾಮೋಠೆ

ವಾಪಸು ಎರಡು ನಿಲ್ದಾಣ, ಆಮೇಲೆ ರಿಕ್ಷಾ. ತಲುಪಿದಾಗ ಹನ್ನೊಂದೂ ಕಾಲು. ಡಾಕ್ಟರು ಒಳಗೆ ಹೋಗಿಯಾಗಿತ್ತು, ಎರಡು ಗಂಟೆಗೆ ಬರುತ್ತಾರೆ, ಕೂತಿರಿ ಅಂದರು. ಕೂತೆವು. ಹನ್ನೆರಡಕ್ಕೆ ಬಿಳಿ ಮುಚ್ಚಳ, ಐದು ನಿಮಿಷ ಬಿಟ್ಟು ಗುಲಾಬಿ ಮುಚ್ಚಳ. ಪದ್ಮಾವತಿಯಮ್ಮ ತಲೆ ಹಿಂದಕ್ಕೆ ಚಾಚಿದರು, ಹಾಕಿಸಿಕೊಂಡರು, ಮತ್ತೆ ನೆಟ್ಟಗೆ ಕೂತರು. ಒಂದು ಮಾತಿಲ್ಲ.

ಇದೇ ಮೌನ ಬೇಕೆಂದು ಹನ್ನೊಂದು ದಿನ ಒದ್ದಾಡಿದ್ದೆ. ಫ್ಯಾನು ತಿರುಗುವ ಸದ್ದು ಮಾತ್ರ. ಯಾರೂ ಗಂಟೆ ಬಾರಿಸಲಿಲ್ಲ, ಯಾರೂ ಮಂತ್ರ ಹಾಕಲಿಲ್ಲ. ಹತ್ತು ನಿಮಿಷವೂ ತಡೆಯಲಾಗಲಿಲ್ಲ ನನಗೆ. “ಬಾಯಾರಿಕೆಯಾ?” ಎಂದೆ. ತಲೆ ಅಲ್ಲಾಡಿಸಿದರು. “ಫ್ಯಾನಿನ ಗಾಳಿ ಜಾಸ್ತಿಯಾ?” ಅದಕ್ಕೂ ತಲೆ ಅಲ್ಲಾಡಿಸಿದರು.

ಒಂದು ಗಂಟೆಗೆ ಎದ್ದು ರಸ್ತೆಯ ಆಚೆ ಕಂಡ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದೆ. ಕೈಯಲ್ಲಿ ಕೊಟ್ಟೆ. ಒಂದು ತುಂಡು ಮುರಿದು, ಚಟ್ನಿಯಲ್ಲಿ ಅದ್ದಿ, ಬಾಯಲ್ಲಿಟ್ಟು, ಬಹಳ ಹೊತ್ತು ಅಗಿದರು.

“ಹುರಿಗಡಲೆ ಹೆಚ್ಚಾಯ್ತು,” ಅಂದರು ಕೊನೆಗೆ. “ಕಾಯಿ ಉಳಿಸ್ಲಿಕ್ಕೆ ಹಾಕಿದ್ದು. ಇಡ್ಲಿಗೆ ಅಕ್ಕಿ ನೆನೆಯಲೇ ಇಲ್ಲ. ಇವರದ್ದು ಹೋಟೆಲು ಹೌದಾ?”

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆ ಇಡ್ಲಿ ಮಾಡಿದವನಿಗೆ ಕೈ ಮುಗಿಯಬೇಕೆನ್ನಿಸಿತು.

“ಅಮ್ಮ, ನಾನು ಅಲ್ಲಿ ಹಾಗೆ ಕೂಗಬಾರದಿತ್ತು.”

“ಕೂಗಿದ್ದು ಏನೂ ಇಲ್ಲ. ನಮ್ಮ ಹೋಟೆಲಿನ ಅಡಿಗೆ ಭಟ್ರು ಕೂಗುದು ನೀನು ಕೇಳಿಲ್ಲ. ನಾಚಿಕೆ ಆಗುದಿಲ್ವಾ ಅಂತ ಕೇಳಿದ್ದು ಮಾತ್ರ ಬೇಡ ಇತ್ತು.” ಇನ್ನೊಂದು ತುಂಡು ಮುರಿದರು. “ಬೆಳಿಗ್ಗೆ ನೀನು ಗೋಡೆಗೆ ಹೇಳಿದ್ದು ನಂಗೆ ಕೇಳಿದೆ.”

ನಾನು ಪೊಟ್ಟಣದ ದಾರ ಬೆರಳಿಗೆ ಸುತ್ತತೊಡಗಿದೆ.

“ಬಚ್ಚಲಿಗೆ ಅಂತ ಅವಸರ ಇರ್ಲಿಲ್ಲ ಮಾರಾಯ್ತಿ. ಎಚ್ಚರ ಆಯ್ತು. ಈ ಕಣ್ಣು ಕಟ್ಟಿದೆ, ಆ ಕಣ್ಣಿಗೆ ಕತ್ತಲೆ. ಎರಡೂ ಹೋಯ್ತು ಅಂತ ಗ್ರಹಿಸಿದೆ. ಹೆದರಿಕೆ ಆಯ್ತು, ಕರೆದೆ. ಹೆದರಿಕೆ ಅಂತ ಹೇಳ್ಲಿಕ್ಕೆ ಆಗ್ತದಾ ನಿನ್ನ ಹತ್ರ? ಅದಕ್ಕೆ ಬಚ್ಚಲು ಅಂದೆ. ನನ್ನಿಂದ ನಿಂದು ಹಾಳಾಯ್ತಲ್ಲ, ನಾನೇ ತುಂಬಿಸಿ ಕೊಡ್ಬೇಕಲ್ಲ. ರಬಾಳೆಯಿಂದ ಪನ್ವೆಲ್ ತನಕ, ಆ ತರಕಾರಿಯವಳಿಗೆ ಹೇಳಿದ್ದು ಬಿಟ್ರೆ, ಒಂದು ಶಬ್ದ ಮಾತಾಡದೆ ಕೂತಿದ್ದೇನೆ. ನನ್ನ ಗಂಡ ಇದ್ದಿದ್ರೆ ನಂಬ್ತಾ ಇರ್ಲಿಲ್ಲ.”

ಚಟ್ನಿಯ ಪೊಟ್ಟಣ ಅವರ ಕೈಗೆ ಹತ್ತಿರ ಸರಿಸಿದೆ.

ಎರಡೂಕಾಲಿಗೆ ಡಾಕ್ಟರು ಕರೆದರು. ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕೊನೆಯ ಒಂದು ಸಾಲು ಬಿಟ್ಟು ಎಲ್ಲ ಓದಿದರು ಅಮ್ಮ. “ಕಣ್ಣು ಚೆನ್ನಾಗಿ ಮಾಯ್ತಿದೆ” ಎಂದ ಡಾಕ್ಟರಿಗೆ ರಸ್ತೆಯಾಚೆಯ ಇಡ್ಲಿಯ ವಿಷಯ ಪೂರ್ತಿ ವಿವರಿಸಿ ಎದ್ದರು.

ಡೊಂಬಿವಲಿ, ಅದೇ ಸಂಜೆ

ಸುಮಾ ಬಂದವಳೇ “ಆಯ್ತಾ ಅಕ್ಕ?” ಎಂದು ಕೇಳಿದಳು. ಕಣ್ಣೋ ಧ್ಯಾನವೋ ಹೇಳಲಿಲ್ಲ.

ಅಮ್ಮನೇ ಉತ್ತರ ಕೊಟ್ಟರು. “ಆಯ್ತು, ನಾನು ಸಾಕ್ಷಿ. ಪುಸ್ತಕದಲ್ಲಿ ಬರೀಲಿಕ್ಕೆ ಹೇಳು. ಮಧ್ಯಾಹ್ನದಿಂದ ಹಾಗೇ ಇಟ್ಟಿದ್ದಾಳೆ.”

ನಿಜವಾಗಿಯೂ ಬರೆದಿರಲಿಲ್ಲ. ಕಣ್ಣು ಬಿಟ್ಟಿರಲಿಲ್ಲ, ಎದ್ದಿರಲಿಲ್ಲ, ಹನ್ನೆರಡರೊಳಗೆ ಮುಕ್ಕಾಲು ಗಂಟೆ ಆಗಿತ್ತು. ಟೀಚರ ನಿಯಮದಲ್ಲಿ ಪನ್ವೆಲ್ ಪ್ಲಾಟ್‌ಫಾರ್ಮಿನ ಬಗ್ಗೆ ಏನೂ ಇಲ್ಲ. ಪುಸ್ತಕ ತೆಗೆದು ‘ನಲವತ್ತೆಂಟು’ ಎಂದು ಬರೆದೆ. ಕೆಳಗಿನ ಗೆರೆಯಲ್ಲಿ ‘ಇಳಿದು ಕೂಗಿದೆ’ ಎಂದೂ ಬರೆದೆ. ಮುಗಿಸಿದ ಕೆಲಸ ಹೀಗೆ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಮನೆಯವರಿಗೆ ಫೋನು ಮಾಡಿ ಎರಡು ಗೆರೆಯನ್ನೂ ಓದಿ ಹೇಳಿದೆ. ಆ ಕಡೆ ಪೇಪರು ಮಡಿಸಿಟ್ಟ ಸದ್ದಾಯಿತು. “ಎರಡನೇದನ್ನ ನೀನೇ ಬರ್ಕೊಂಡ್ಯಾ?” ಎಂದು ಕೇಳಿದರು.

ಊಟಕ್ಕೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಸುಟ್ಟ ಹಪ್ಪಳ. ಚಟ್ನಿಗೆ ಕಾಯಿ ಎಷ್ಟು ಹಾಕಬೇಕೆಂದು ಪದ್ಮಾವತಿಯಮ್ಮ ಮಂಚದ ಮೇಲಿನಿಂದಲೇ ಹೇಳಿದರು, ಅಷ್ಟೇ ಹಾಕಿದೆ. ತನ್ವಿ ಎರಡು ಸಲ ಬಡಿಸಿಕೊಂಡಳು.

ಎಂಟೂವರೆಗೆ ಬಿಳಿ ಮುಚ್ಚಳದ ತೊಟ್ಟು ಹಾಕಿ ಐದು ನಿಮಿಷಕ್ಕೆ ಕಾದೆ. ಅಡಿಗೆ ಭಟ್ಟರ ಒಂದು ಕಥೆ ಶುರು ಮಾಡಿದ್ದರು, ಅದರ ನಡುವೆಯೇ ಅಮ್ಮನಿಗೆ ನಿದ್ದೆ ಬಂತು. ದೀಪ ಆರಿಸಿ, ಗುಲಾಬಿ ಮುಚ್ಚಳದ ಬಾಟಲಿ ಹಿಡಿದು ಪಕ್ಕದಲ್ಲಿ ಕೂತೆ. ರೈಲಿನಲ್ಲಿ ಅವರು ನನ್ನನ್ನು ಎಬ್ಬಿಸಿರಲಿಲ್ಲ. ನಾನು ದೀಪದ ಗುಂಡಿ ಒತ್ತಿ ಬೆಳಕು ಮಾಡಿ, ಕೈ ಹಿಡಿದು, ಆಮೇಲೆ ಎಬ್ಬಿಸಿದೆ. ತುಳುವಿನಲ್ಲಿ ಏನೋ ಬೈದರು, ಕಣ್ಣು ಅಗಲಿಸಿದರು, ತೊಟ್ಟು ಸರಿಯಾಗಿ ಒಳಗೆ ಬಿತ್ತು. ದೀಪ ಆರಿಸಲು ಹೋದರೆ ಬೇಡ ಅಂದರು. ಹಾಗೇ ಬಿಟ್ಟೆ. ಎಲ್ಲರಿಗಿಂತ ಮೊದಲು ಅವರೇ ಮಲಗಿದರು.